ಊರು ಬೆಳೆದದ್ದು ಕಡಿಮೆ, ನೆಲ ಬದಲಾದದ್ದು ಹೆಚ್ಚು

ಚಾಮರಾಜನಗರ: ನಗರ ಬೆಳವಣಿಗೆಯಿಂದ ಪರಿಸರಕ್ಕಾಗುವ ಹಾನಿಯ ಮಾತು ಬಂದಾಗಲೆಲ್ಲ ಬೆಂಗಳೂರಿನ ಕೆರೆಗಳು, ಮೈಸೂರಿನ ಹೊರವಲಯದ ಬಡಾವಣೆಗಳು ನೆನಪಾಗುತ್ತವೆಯೇ ಹೊರತು ರಾಜ್ಯದ ದಕ್ಷಿಣ ತುದಿಯಲ್ಲಿರುವ ಚಾಮರಾಜನಗರವಾಗಲೀ ಗುಂಡ್ಲುಪೇಟೆಯಾಗಲೀ ಯಾರ ನೆನಪಿಗೂ ಬರುವುದಿಲ್ಲ. ಜನಗಣತಿಯ ಅಂಕಿಗಳನ್ನು ನೋಡಿದರೆ ಹೀಗೆ ಮರೆಯುವುದು ಸಹಜವೇ ಎನಿಸುತ್ತದೆ. 2001ರಲ್ಲಿ 9.65 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 10.20 ಲಕ್ಷವಾಯಿತು. ಹತ್ತು ವರ್ಷಗಳಲ್ಲಿ ಆದ ಏರಿಕೆ ಶೇಕಡ 6ಕ್ಕಿಂತ ಕಡಿಮೆ. ಅದೇ ಅವಧಿಯಲ್ಲಿ ರಾಜ್ಯದ ಸರಾಸರಿ ಏರಿಕೆ ಶೇಕಡ 15ನ್ನು ಮೀರಿತ್ತು. ಬೆಂಗಳೂರು ನಗರ ಜಿಲ್ಲೆಯದು ಶೇಕಡ 45ಕ್ಕೂ ಹೆಚ್ಚು. ಚಾಮರಾಜನಗರ ಪಟ್ಟಣ 61 ಸಾವಿರದಿಂದ 70 ಸಾವಿರದ ಹತ್ತಿರಕ್ಕೆ ಬಂದರೆ, ಗುಂಡ್ಲುಪೇಟೆ 26 ಸಾವಿರದಿಂದ 28 ಸಾವಿರಕ್ಕೆ ಏರಿ ನಿಂತಿತು. 2021ರ ಗಣತಿ ಮುಂದೂಡಲ್ಪಟ್ಟ ಕಾರಣ ಹೋಲಿಕೆಗೆ ಈ ಅಂಕಿಗಳೇ ಆಧಾರ.

ಆದರೆ ಈ ಎರಡು ತಾಲ್ಲೂಕುಗಳ ನೆಲವನ್ನು ಇಪ್ಪತ್ತೈದು ವರ್ಷಗಳಿಂದ ಬಲ್ಲವರಿಗೆ ಅಂಕಿಗಳು ಹೇಳುವ ಕಥೆ ಅರ್ಧ ಮಾತ್ರ ಎಂಬುದು ಗೊತ್ತು. ಹುರಳಿ, ಜೋಳ ಬಿತ್ತುತ್ತಿದ್ದ ಖುಷ್ಕಿ ಹೊಲಗಳಲ್ಲಿ ವರ್ಷವಿಡೀ ಬಾಳೆ, ಟೊಮೆಟೊ, ಎಲೆಕೋಸು ನಿಂತಿವೆ. ಗುಡ್ಡಗಳಿದ್ದ ಕಡೆ ಆಳವಾದ ಹೊಂಡಗಳಿವೆ. ದನ ಮೇಯುತ್ತಿದ್ದ ಕಾಡಂಚಿನ ಬಯಲುಗಳಿಗೆ ತಂತಿಬೇಲಿ ಬಂದು, ಅದರೊಳಗೆ ಹಂಚಿನ ಛಾವಣಿಯ ವಿಶ್ರಾಂತಿ ಗೃಹಗಳು ಎದ್ದಿವೆ. ಊರು ಬೆಳೆಯದೆ ನೆಲ ಮಾತ್ರ ಬದಲಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಜಿಲ್ಲೆಯ ಹೊರಗಿದೆ. ಬೆಳೆದದ್ದು ಬೆಂಗಳೂರು, ಮೈಸೂರು, ಗಡಿಯಾಚೆಯ ಕೋಳಿಕ್ಕೋಡು ಮತ್ತು ಕೊಯಮತ್ತೂರು. ಆ ಊರುಗಳ ಅಡುಗೆಮನೆಗೆ ಬೇಕಾದ ತರಕಾರಿ, ಕಟ್ಟಡಕ್ಕೆ ಬೇಕಾದ ಕಲ್ಲು, ವಾರಾಂತ್ಯಕ್ಕೆ ಬೇಕಾದ ವಿಹಾರ, ಸರಕು ಸಾಗಿಸಲು ಬೇಕಾದ ಹೆದ್ದಾರಿ ಇವೆಲ್ಲವನ್ನೂ ಒದಗಿಸುವ ಭಾರ ಇಲ್ಲಿನ ನೆಲದ ಮೇಲೆ ಬಿದ್ದಿದೆ.

ಸುಮಾರು 5,100 ಚದರ ಕಿಲೋಮೀಟರ್ ವಿಸ್ತೀರ್ಣದ ಜಿಲ್ಲೆಯಲ್ಲಿ ಅರ್ಧದಷ್ಟು ಅರಣ್ಯ. ಪಶ್ಚಿಮಕ್ಕೆ ಬಂಡೀಪುರ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆಮಹದೇಶ್ವರ ಬೆಟ್ಟ ಮತ್ತು ಕಾವೇರಿ ವನ್ಯಧಾಮಗಳು. ಇಷ್ಟು ಕಾಡಿಗೆ ಅಂಟಿಕೊಂಡಿರುವ ಬಯಲಿನಲ್ಲಿ ಒಂದು ಎಕರೆಯ ಬಳಕೆ ಬದಲಾದರೂ ಅದರ ಪರಿಣಾಮ ಆ ಎಕರೆಯ ಒಳಗೇ ನಿಲ್ಲುವುದಿಲ್ಲ.

ಜಿಲ್ಲಾ ಕೇಂದ್ರವಾದ ಮೇಲೆ

ಅರಿಕುಠಾರವೆಂಬ ಹಳೆಯ ಹೆಸರಿನ ಊರು ಚಾಮರಾಜ ಒಡೆಯರ ಜನ್ಮಸ್ಥಳವೆಂಬ ಕಾರಣಕ್ಕೆ ಚಾಮರಾಜನಗರವಾಯಿತು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಜಿಲ್ಲಾ ಕೇಂದ್ರವಾಗುವವರೆಗೆ ಅದು ಚಾಮರಾಜೇಶ್ವರ ದೇವಾಲಯದ ಸುತ್ತ ಹರಡಿಕೊಂಡಿದ್ದ ತಾಲ್ಲೂಕು ಪಟ್ಟಣ. ಇಲ್ಲಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಊರಿಗೆ ಅಂಟಿದ್ದ ಕಾಲದಲ್ಲಿ ಸರ್ಕಾರದ ಕಣ್ಣು ಇತ್ತ ಬೀಳುತ್ತಿದ್ದುದೂ ಅಪರೂಪವೇ. ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ನೌಕರರು ಬಂದರು, ಬಡಾವಣೆಗಳು ಬಂದವು. ಮೈಸೂರಿನಿಂದ ಬರುವ ರೈಲು ಮಾರ್ಗ ಬ್ರಾಡ್‌ಗೇಜ್ ಆಯಿತು. ಯಡಬೆಟ್ಟದ ಬಳಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ತಲೆಯೆತ್ತಿ, ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಬದನಗುಪ್ಪೆ, ಕೆಲ್ಲಂಬಳ್ಳಿ ಬಳಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕಾ ವಲಯವನ್ನು ರೂಪಿಸಿತು.

ಇವುಗಳಲ್ಲಿ ಯಾವುದನ್ನೂ ಬೇಡವೆನ್ನಲು ಸಾಧ್ಯವಿಲ್ಲ. ಹೆರಿಗೆಗೂ ಅಪಘಾತಕ್ಕೂ ಮೈಸೂರಿಗೆ ಓಡಬೇಕಾಗಿದ್ದ ಜಿಲ್ಲೆಗೆ ಆಸ್ಪತ್ರೆ ಬಂದದ್ದು ದೊಡ್ಡ ಸಂಗತಿ. ತೊಂದರೆ ಇರುವುದು ಕಟ್ಟಡಗಳ ಸಂಖ್ಯೆಯಲ್ಲಲ್ಲ, ಅವು ನಿಂತ ಜಾಗದಲ್ಲಿ. ಇಲ್ಲಿನ ಬಯಲು ಮಳೆನೆರಳಿನ ನಾಡು. ನೈರುತ್ಯ ಮಾರುತದ ಮಳೆಯ ಬಹುಪಾಲನ್ನು ನೀಲಗಿರಿ ಮತ್ತು ವೈನಾಡಿನ ಬೆಟ್ಟಗಳೇ ಹಿಡಿದುಕೊಳ್ಳುತ್ತವೆ. ಇತ್ತ ಮಳೆ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ, ಅದೂ ಕೆಲವೇ ದಿನಗಳ ಬಿರುಮಳೆಯಾಗಿ. ಹಾಗೆ ಬಂದ ನೀರನ್ನು ಹಿಡಿದಿಡಲೆಂದೇ ಹಿಂದಿನವರು ಕೆರೆಗಳ ಸರಪಳಿಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ಅದು ತುಂಬಿದರೆ ಅದರ ಕೆಳಗಿನದಕ್ಕೆ.

ಈ ಏರ್ಪಾಡಿನಲ್ಲಿ ಕೆರೆಯಷ್ಟೇ ಮುಖ್ಯವಾದದ್ದು ಎರಡು ಕೆರೆಗಳ ನಡುವಿನ ಕಾಲುವೆ. ಕೆರೆಯಂಗಳವನ್ನು ಒತ್ತುವರಿ ಮಾಡಿದರೆ ಯಾರಾದರೂ ಕಾಣುತ್ತಾರೆ, ದೂರು ಕೊಡುತ್ತಾರೆ. ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಹಳ್ಳವನ್ನು ಜಮೀನಿಗೆ ಸೇರಿಸಿಕೊಂಡು ನಿವೇಶನ ಮಾಡಿದರೆ ಕಾಣುವವರು ಕಡಿಮೆ. ಮಳೆಯಿಲ್ಲದ ವರ್ಷಗಳಲ್ಲಿ ಇದರ ಪರಿಣಾಮವೂ ಕಾಣುವುದಿಲ್ಲ. ರಾಜ್ಯವನ್ನು ಕಾಡಿದ 2002–04ರ ಬರಗಾಲದ ನಂತರ ಕೆರೆಗಳು ಬತ್ತಿ, ಕೋಡಿ ಹರಿಯುವುದನ್ನೇ ಕಾಣದೆ ಒಂದು ಪೀಳಿಗೆ ಬೆಳೆಯಿತು. 2022ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದಾಗ, ಸುವರ್ಣಾವತಿ ಹೊಳೆಯ ಪಾತ್ರದ ಹಳ್ಳಿಗಳಿಗೂ ತಗ್ಗಿನ ಬಡಾವಣೆಗಳಿಗೂ ನೀರು ನುಗ್ಗಿತು. ನೀರು ದಾರಿ ತಪ್ಪಿತೆಂದು ಜನ ಹೇಳಿದರು. ವಾಸ್ತವವಾಗಿ ಅದು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು.

ಹುರಳಿ ಹೊಲ ಹೋಗಿ ಬಾಳೆ ತೋಟ

ಗುಂಡ್ಲುಪೇಟೆಯ ಕಥೆ ಬೇರೆ. ಅಲ್ಲಿ ಪಟ್ಟಣ ಹೆಚ್ಚು ಹರಡಲಿಲ್ಲ, ಹರಡಿದ್ದು ಹಸಿರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಗುಂಡ್ಲು ಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಪಟ್ಟಣಕ್ಕೆ ಹೆಸರು ಕೊಟ್ಟ ಈ ಹೊಳೆಯಲ್ಲಿ ನೀರು ಹರಿಯುವುದು ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಮಾತ್ರ. ಹೊಳೆ ಬತ್ತಿದ ಮೇಲೆ ರೈತರು ನೀರನ್ನು ಹುಡುಕಿದ್ದು ನೆಲದೊಳಗೆ. 1990ರ ದಶಕದಿಂದೀಚೆಗೆ ಕೊಳವೆಬಾವಿಗಳು ತಾಲ್ಲೂಕನ್ನು ವ್ಯಾಪಿಸಿದವು. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ 2008ರಲ್ಲಿ ಉಚಿತ ವಿದ್ಯುತ್ ಬಂದ ಮೇಲೆ ನೀರೆತ್ತುವ ಖರ್ಚಿನ ಲೆಕ್ಕ ಹಾಕಬೇಕಾದ ಅಗತ್ಯವೂ ಉಳಿಯಲಿಲ್ಲ.

ನೀರಿಗೆ ತಕ್ಕ ಪೇಟೆಯೂ ಹತ್ತಿರದಲ್ಲೇ ಇತ್ತು. ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ಮುತ್ತಂಗದ ಮೂಲಕ ಕೋಳಿಕ್ಕೋಡಿಗೆ, ಇನ್ನೊಂದು ಮಧುಮಲೈ ಮೂಲಕ ಊಟಿಗೆ ಹೋಗುತ್ತದೆ. ಅಡಿಕೆ, ರಬ್ಬರು, ಮೆಣಸುಗಳನ್ನು ಬೆಳೆದು ತರಕಾರಿಯನ್ನು ಹೊರಗಿನಿಂದ ಕೊಳ್ಳುವ ಕೇರಳಕ್ಕೆ ಗುಂಡ್ಲುಪೇಟೆ ತರಕಾರಿ ತೋಟವಾಯಿತು. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಕೇಳಿಬರುವ ಭಾಷೆ ಕನ್ನಡದಷ್ಟೇ ಮಲಯಾಳ. ಓಣಂ ಹತ್ತಿರವಾದಂತೆ ಚೆಂಡು ಹೂವಿನ ದರ ಏರುತ್ತದೆ. ಉಳಿದ ಕಾಲದಲ್ಲಿ ಆ ಹೂ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕೋಳಿಮೊಟ್ಟೆಯ ಭಂಡಾರಕ್ಕೆ ಗಾಢ ಹಳದಿ ಬರಲೆಂದು ಕೋಳಿ ಆಹಾರಕ್ಕೆ ಸೇರಿಸುವ ವರ್ಣದ್ರವ್ಯ ಈ ಹೂವಿನಿಂದಲೇ ಬರುತ್ತದೆ. ಸಾಂಬಾರ್ ಈರುಳ್ಳಿ, ಅರಿಶಿನ, ಬಾಳೆಗಳೂ ಹೀಗೆಯೇ ಗಡಿ ದಾಟುತ್ತವೆ. ಶುಂಠಿಯದು ಇನ್ನೊಂದು ಬಗೆ. ಹೊರಗಿನಿಂದ ಬಂದ ಬೆಳೆಗಾರರು ಜಮೀನನ್ನು ಒಂದೆರಡು ವರ್ಷಕ್ಕೆ ಗುತ್ತಿಗೆ ಪಡೆದು, ಔಷಧ, ಗೊಬ್ಬರಗಳನ್ನು ಧಾರಾಳವಾಗಿ ಸುರಿದು, ಕೊಳೆರೋಗ ಕಾಣಿಸಿಕೊಳ್ಳುವ ಹೊತ್ತಿಗೆ ಹೊಸ ನೆಲಕ್ಕೆ ಹೋಗುತ್ತಾರೆ. ಹಳೆಯ ನೆಲ ಮಾಲೀಕನಿಗೆ ಉಳಿಯುತ್ತದೆ.

ಈ ಬದಲಾವಣೆಯಿಂದ ರೈತರಿಗೆ ಲಾಭವಾಗಲಿಲ್ಲ ಎನ್ನುವುದು ಸುಳ್ಳಾದೀತು. ಹುರಳಿ ಬಿತ್ತಿ ಮುಗಿಲು ನೋಡುತ್ತಿದ್ದ ಕುಟುಂಬಗಳು ಮಕ್ಕಳನ್ನು ಓದಿಸಿದ್ದು ಈ ತರಕಾರಿಯ ಹಣದಿಂದಲೇ. ಆದರೆ ಲಾಭದ ಲೆಕ್ಕಕ್ಕೆ ಸೇರದ ಬಾಬತ್ತುಗಳು ಎರಡಿವೆ. ಮೊದಲನೆಯದು ಅಂತರ್ಜಲ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಗುಂಡ್ಲುಪೇಟೆ ತಾಲ್ಲೂಕು ‘ಅತಿಬಳಕೆ’ಯ ಪಟ್ಟಿಗೆ ಸೇರಿದೆ. ಮಳೆಯಿಂದ ನೆಲಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಪ್ರತಿವರ್ಷ ಮೇಲೆತ್ತಲಾಗುತ್ತಿದೆ ಎಂಬುದು ಇದರ ಅರ್ಥ. ಇಲ್ಲಿನ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಹೆಚ್ಚು ಆಳಕ್ಕೆ ಕೊರೆದಷ್ಟೂ ಬಿರುಕುಗಳು ಕಡಿಮೆಯಾಗುತ್ತವೆ. ಹೀಗಾಗಿ ಸಾವಿರ ಅಡಿ ಕೊರೆದವನಿಗೆ ಮುನ್ನೂರು ಅಡಿ ಕೊರೆದವನಿಗಿಂತ ಹೆಚ್ಚು ನೀರು ಸಿಗುತ್ತದೆ ಎನ್ನುವ ಖಾತರಿಯಿಲ್ಲ. ಸಾಲ ಹೆಚ್ಚಾಗುವುದು ಮಾತ್ರ ಖಚಿತ.

ಎರಡನೆಯದು ಆನೆ. ಮಳೆಯಾಶ್ರಿತ ಹೊಲದಲ್ಲಿ ಬೆಳೆ ಇರುತ್ತಿದ್ದುದು ವರ್ಷಕ್ಕೆ ನಾಲ್ಕು ತಿಂಗಳು. ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆ ಬರುತ್ತಿತ್ತು. ರೈತ ಆ ಕೆಲವು ವಾರ ಅಟ್ಟಣೆಯ ಮೇಲೆ ಕಾವಲು ಮಲಗುತ್ತಿದ್ದ. ಕೊಯ್ಲಾದ ಮೇಲೆ ಹೊಲದಲ್ಲಿ ಆನೆಗೆ ಬೇಕಾದದ್ದು ಏನೂ ಉಳಿಯುತ್ತಿರಲಿಲ್ಲ. ಈಗ ಕಾಡೆಲ್ಲ ಒಣಗಿ ಬಿದಿರು ತರಗಾಗುವ ಮಾರ್ಚ್ ತಿಂಗಳಲ್ಲೂ ಕಾಡಿನ ಗಡಿಯಿಂದ ನೂರು ಗಜದಲ್ಲಿ ಹಸಿ ಬಾಳೆ ನಿಂತಿರುತ್ತದೆ. ದಿನಕ್ಕೆ ನೂರೈವತ್ತು ಕಿಲೋ ಮೇವು ಹುಡುಕಬೇಕಾದ ಪ್ರಾಣಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕಿಲ್ಲ. 2023ರ ಗಣತಿಯ ಪ್ರಕಾರ ರಾಜ್ಯದ 6,395 ಆನೆಗಳ ಪೈಕಿ 1,116 ಬಂಡೀಪುರ ಒಂದರಲ್ಲೇ ಇದ್ದವು. ಕಂದಕ, ಸೌರಬೇಲಿ, ರೈಲು ಹಳಿಗಳ ತಡೆಗೋಡೆ ಎಲ್ಲವನ್ನೂ ಇಲಾಖೆ ಹಾಕಿಸಿದೆ, ಹಾಕಿಸುತ್ತಲೂ ಇದೆ. ಬೇಲಿಯ ಒಂದು ಬದಿಯಲ್ಲಿ ಒಣಕಾಡು, ಇನ್ನೊಂದು ಬದಿಯಲ್ಲಿ ಹಸಿರು ತೋಟ ಇರುವಷ್ಟು ಕಾಲ ಆ ಬೇಲಿಯನ್ನು ದುರಸ್ತಿ ಮಾಡುವ ಕೆಲಸ ಮುಗಿಯುವುದಿಲ್ಲ.

ಗಡಿ ದಾಟಿದ ಸಗಣಿ

ದೂರದ ಪೇಟೆ ಇಲ್ಲಿನ ಕಾಡನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಬಂಡೀಪುರದಂಚಿನ ಸಗಣಿ ವ್ಯಾಪಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿನ ಹಳ್ಳಿಗಳಲ್ಲಿ ನಾಟಿ ದನಗಳನ್ನು ಕಾಡಿಗೆ ಮೇಯಲು ಬಿಡುವುದು ಹಳೆಯ ರೂಢಿ. ಅವು ಕೊಡುವ ಹಾಲು ಅಷ್ಟಕ್ಕಷ್ಟೆ. ಉಳುಮೆಗೆ ಎತ್ತು, ಹೊಲಕ್ಕೆ ಗೊಬ್ಬರ ಇವೇ ಮುಖ್ಯ ಉಪಯೋಗ. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಇದನ್ನು ಅಧ್ಯಯನ ಮಾಡಿ 2005ರಲ್ಲಿ ‘ಕನ್ಸರ್ವೇಶನ್ ಬಯಾಲಜಿ’ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅವರ ವಿವರಣೆಯ ಸಾರ ಇಷ್ಟು: 1990ರ ದಶಕದಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ಗಡಿಯಾಚೆಯ ಕಾಫಿ ತೋಟಗಳಿಂದ ಸಾವಯವ ಗೊಬ್ಬರಕ್ಕೆ ಬೇಡಿಕೆ ಬಂತು. ಅಲ್ಲಿಯವರೆಗೆ ಊರ ಹೊಲಕ್ಕೆ ಹೋಗುತ್ತಿದ್ದ ಸಗಣಿ ಲಾರಿ ಏರುವ ಸರಕಾಯಿತು. ಸಗಣಿಗೆ ಬೆಲೆ ಬಂದ ಮೇಲೆ ಹಾಲು ಕೊಡದ ದನವೂ ಆದಾಯದ ಮೂಲವೇ. ಮೇವು ಮಾತ್ರ ಕಾಡಿನದು.

ಕಾಡಿನ ಹುಲ್ಲು ದನದ ಹೊಟ್ಟೆ ಸೇರಿ, ಸಗಣಿಯಾಗಿ ಗಡಿ ದಾಟಿ, ಕಾಫಿಯಾಗಿ ಸಮುದ್ರ ದಾಟುವ ಈ ಸರಣಿಯಲ್ಲಿ ಯಾರೂ ಕಾನೂನುಬಾಹಿರವಾದ ದೊಡ್ಡ ಕೃತ್ಯವನ್ನು ಎಸಗಲಿಲ್ಲ. ಒಂದು ಮರವನ್ನೂ ಯಾರೂ ಕಡಿಯಲಿಲ್ಲ. ಆದರೂ ಜಿಂಕೆ, ಕಾಟಿಗಳಿಗೆ ಸಲ್ಲಬೇಕಾದ ಮೇವು ಕಡಿಮೆಯಾಯಿತು. ಹೊಲಕ್ಕೆ ಸಲ್ಲಬೇಕಾದ ಗೊಬ್ಬರವೂ ಕಡಿಮೆಯಾಗಿ ಚೀಲದ ಗೊಬ್ಬರ ಬಂತು. ಭೂಬಳಕೆಯ ಬದಲಾವಣೆ ಎಂದರೆ ಪಹಣಿಯಲ್ಲಿ ದಾಖಲಾಗುವ ಬದಲಾವಣೆ ಮಾತ್ರವಲ್ಲ ಎಂಬುದನ್ನು ತೋರಿಸಿಕೊಟ್ಟ ಅಧ್ಯಯನವಿದು.

ಕಲ್ಲಿನ ಊರು

ಚಾಮರಾಜನಗರದ ಕರಿಕಲ್ಲಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಹೆಸರಿದೆ. ಒಂದೇ ಸಮನೆ ಕಪ್ಪಾಗಿ, ಕನ್ನಡಿಯಂತೆ ಹೊಳಪು ಪಡೆಯುವ ಈ ಶಿಲೆ ಕಟ್ಟಡಗಳ ನೆಲಹಾಸಿಗೂ ಸಮಾಧಿ ಶಿಲೆಗೂ ಹೋಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು, ಹಿರೀಕಾಟಿ ಕಡೆ ಬಿಳಿಕಲ್ಲಿನ ಕ್ವಾರಿಗಳೂ ಕ್ರಷರ್‌ಗಳೂ ಇವೆ. ನದಿ ಮರಳಿನ ಗಣಿಗಾರಿಕೆಗೆ ಕಡಿವಾಣ ಬಿದ್ದ ಮೇಲೆ ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ ಸ್ಯಾಂಡ್‌ಗೆ ನಗರಗಳಲ್ಲಿ ಬೇಡಿಕೆ ಹೆಚ್ಚಿತು. ಬೆಂಗಳೂರು, ಮೈಸೂರಿನಲ್ಲಿ ಮಹಡಿಯ ಮೇಲೆ ಮಹಡಿ ಏರುತ್ತಿದ್ದರೆ ಎಲ್ಲೋ ಒಂದು ಗುಡ್ಡ ಇಳಿಯುತ್ತಿರಲೇಬೇಕು.

ಗುಡ್ಡವೆಂದರೆ ಬರಿಯ ಕಲ್ಲಿನ ರಾಶಿಯಲ್ಲ. ಬಯಲುಸೀಮೆಯಲ್ಲಿ ಅದು ಮಳೆನೀರಿನ ತಲೆಗಟ್ಟು. ಗುಡ್ಡದ ಬುಡದ ಹಳ್ಳವೇ ಕೆಳಗಿನ ಕೆರೆಯ ತಾಯಿ. ಕುರಿಮೇಕೆಗಳಿಗೆ ಅದು ಮೇವಿನ ತಾಣ, ಚಿರತೆಗೆ ಅಡಗುದಾಣ. ಗುಡ್ಡ ಕರಗಿದಾಗ ಹಳ್ಳಕ್ಕೆ ಕಲ್ಲುಪುಡಿ ತುಂಬುತ್ತದೆ, ಚಿರತೆ ಕಬ್ಬಿನ ಗದ್ದೆಗೆ ಇಳಿಯುತ್ತದೆ. ಮನುಷ್ಯರೂ ಇದಕ್ಕೆ ಬೆಲೆ ತೆತ್ತಿದ್ದಾರೆ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡದ ಕ್ವಾರಿ ಕುಸಿದು ಮೂವರು ಕಾರ್ಮಿಕರು ಮೃತಪಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕ್ವಾರಿಯಲ್ಲಿ ಮತ್ತೆ ಮೂವರು. ಕಲ್ಲು ಒಡೆಯುವುದು ನಿಂತ ಮೇಲೆ ಉಳಿಯುವ ಹೊಂಡಗಳನ್ನು ಮುಚ್ಚುವ ಷರತ್ತು ಪರವಾನಗಿಯ ಕಾಗದದಲ್ಲಿರುತ್ತದೆ. ಹೊಂಡಗಳಲ್ಲಿ ಇರುವುದು ನೀರು.

ಕಾಡಂಚಿನ ಎಕರೆ

ಮೈಸೂರಿನ ಮಹಾರಾಜರು 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಧಾಮವೆಂದು ಘೋಷಿಸಿದರು. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ವಿಸ್ತಾರಗೊಂಡಿತು. 1973ರಲ್ಲಿ ದೇಶದ ಮೊದಲ ಹುಲಿ ಯೋಜನೆಯ ತಾಣಗಳಲ್ಲಿ ಒಂದಾಯಿತು. ರಕ್ಷಣೆಯ ಫಲವಾಗಿ 2022ರ ಅಂದಾಜಿನಲ್ಲಿ ಬಂಡೀಪುರದ ಹುಲಿಗಳ ಸಂಖ್ಯೆ 150 ಮುಟ್ಟಿತು. ದೇಶದಲ್ಲಿ ಇದಕ್ಕಿಂತ ಹೆಚ್ಚು ಹುಲಿಗಳು ಕಂಡುಬಂದದ್ದು ಕಾರ್ಬೆಟ್‌ನಲ್ಲಿ ಮಾತ್ರ.

ಕಾಡಿನ ಈ ಯಶಸ್ಸೇ ಕಾಡಂಚಿನ ಎಕರೆಗೆ ಬೆಲೆ ತಂದಿತು. ಮಂಗಲ, ಜಕ್ಕಹಳ್ಳಿ, ಮೇಲುಕಾಮನಹಳ್ಳಿ, ಹಂಗಳದ ಸುತ್ತ ‘ಕಾಡು ಕಾಣುವ ಜಾಗ’ಕ್ಕೆ ಗಿರಾಕಿಗಳು ಬಂದರು. ಒಂದು ಹುರಳಿ ಹೊಲ ತನ್ನ ಜೀವಮಾನದಲ್ಲಿ ಕೊಡಲಾರದ ಹಣವನ್ನು ಒಂದೇ ಬಾರಿಗೆ ಕೊಡಲು ಮುಂದೆ ಬಂದವರನ್ನು ಆನೆ ಕಾಟದಿಂದ ಬೇಸತ್ತ ರೈತ ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ. ರೈತರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಉಳಿದಿದ್ದ ಒಂದು ತೊಡಕೂ ನಿವಾರಣೆಯಾಯಿತು.

ಇದಕ್ಕೆ ಎದುರಾಗಿ ನಿಂತಿರುವುದು ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ. ಬಂಡೀಪುರದ ಸುತ್ತಲಿನ ಸುಮಾರು 597 ಚದರ ಕಿಲೋಮೀಟರ್ ಪ್ರದೇಶವನ್ನು, ನೂರಕ್ಕೂ ಹೆಚ್ಚು ಗ್ರಾಮಗಳು ಸೇರಿದಂತೆ, ಕೇಂದ್ರ ಪರಿಸರ ಸಚಿವಾಲಯವು 2012ರ ಅಕ್ಟೋಬರ್‌ನಲ್ಲಿ ಸೂಕ್ಷ್ಮ ವಲಯವೆಂದು ಘೋಷಿಸಿತು. ಗಣಿಗಾರಿಕೆ, ಮಾಲಿನ್ಯ ಉಂಟುಮಾಡುವ ಕಾರ್ಖಾನೆಗಳು ಇಲ್ಲಿ ನಿಷಿದ್ಧ. ಹೋಟೆಲು, ರೆಸಾರ್ಟುಗಳು ನಿಯಂತ್ರಿತ. ಎಂದರೆ ಸಮಿತಿಯ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಬೇಸಾಯಕ್ಕೆ ಅಡ್ಡಿಯಿಲ್ಲ. ತಮ್ಮ ಜಮೀನೆಲ್ಲ ಕಾಡಾಗುತ್ತದೆಂಬ ಭಯ ಅಂದು ಹಳ್ಳಿಗಳಲ್ಲಿ ಹರಡಿತ್ತು. ಆ ಭಯವನ್ನು ಬಿತ್ತಿದವರಲ್ಲಿ ಭೂಮಿ ವ್ಯವಹಾರದವರೂ ಇದ್ದರು ಎಂಬ ಮಾತು ತಾಲ್ಲೂಕಿನಲ್ಲಿ ಈಗಲೂ ಕೇಳಿಬರುತ್ತದೆ.

ಕಾನೂನಿನ ಸಂದುಗಳೂ ಇವೆ. ಮನೆಯೆಂದು ಕಟ್ಟಿದ್ದನ್ನು ಹೋಂಸ್ಟೇ ಎಂದು ನಡೆಸಬಹುದು. ತೋಟದ ಮನೆಗೆ ನಾಲ್ಕು ಕೋಣೆ ಸೇರಿಸಬಹುದು. ಭೂ ಪರಿವರ್ತನೆಯ ಅರ್ಜಿಯನ್ನು ಆಮೇಲೆ ಹಾಕಬಹುದು. ಕಟ್ಟಡ ಚಿಕ್ಕದಾದರೂ ಅದರ ಸುತ್ತಲಿನ ಬೇಲಿ, ರಾತ್ರಿಯ ದೀಪ, ಕಸದ ಗುಂಡಿ, ಕೊಳವೆಬಾವಿ ಚಿಕ್ಕವಲ್ಲ. ಸೂರ್ಯಕಾಂತಿ ಅರಳುವ ಕಾಲದಲ್ಲಿ ಹೆದ್ದಾರಿ ಬದಿಯ ಹೊಲಗಳಲ್ಲಿ ಛಾಯಾಚಿತ್ರಕ್ಕೆಂದು ಕಾರುಗಳು ಸಾಲುಗಟ್ಟುತ್ತವೆ; ಹೊಲದ ಮಾಲೀಕ ತಲೆಗಿಷ್ಟೆಂದು ಕಾಸು ಪಡೆಯುತ್ತಾನೆ. ಪ್ರವಾಸೋದ್ಯಮದಿಂದ ಹಳ್ಳಿಗೆ ನೇರವಾಗಿ ಸಲ್ಲುವ ಹಣದಲ್ಲಿ ಬಹುಶಃ ಇದೇ ಹೆಚ್ಚು ನಿರಪಾಯಕಾರಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಕರೆದೊಯ್ಯುವ ವ್ಯವಸ್ಥೆಯೂ ಗದ್ದಲವನ್ನು ತಕ್ಕಮಟ್ಟಿಗೆ ತಗ್ಗಿಸಿತು.

ರಾತ್ರಿಯ ರಸ್ತೆ

ಕೋಳಿಕ್ಕೋಡು ಮತ್ತು ಊಟಿಯ ಎರಡೂ ಹೆದ್ದಾರಿಗಳು ಬಂಡೀಪುರದ ನಡುವೆಯೇ ಸಾಗುತ್ತವೆ. ಹಿಂದೆ 212 ಮತ್ತು 67 ಎಂಬ ಸಂಖ್ಯೆಗಳಿದ್ದ ಇವು ಈಗ 766 ಮತ್ತು 181. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದು ಹೆಚ್ಚಿದ್ದರಿಂದ 2009ರ ಜೂನ್‌ನಲ್ಲಿ ಅಂದಿನ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿ, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ವಿನಾಯಿತಿ ಉಳಿಯಿತು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಪರ್ಯಾಯ ದಾರಿ ತೋರಿಸಲಾಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ವೈನಾಡಿನಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು.

ರಾತ್ರಿ ಸಂಚಾರದ ಪ್ರಶ್ನೆಯನ್ನು ಎರಡು ರಾಜ್ಯಗಳ ಜಗಳವಾಗಿ ನೋಡುವುದೇ ಹೆಚ್ಚು. ವಾಸ್ತವದಲ್ಲಿ ಅದು ಊರಿನ ವೇಗಕ್ಕೂ ಕಾಡಿನ ವೇಗಕ್ಕೂ ಇರುವ ಜಗಳ. ಗುಂಡ್ಲುಪೇಟೆಯ ತರಕಾರಿಯೂ ಅದೇ ರಸ್ತೆಯಲ್ಲಿ ಹೋಗಬೇಕು ಎಂಬುದನ್ನು ಮರೆಯುವಂತಿಲ್ಲ. ಆದರೂ ಇಲ್ಲಿನ ವ್ಯಾಪಾರ ಹಗಲಿನ ಸಮಯಕ್ಕೆ ಒಗ್ಗಿಕೊಂಡಿತು. ಜಿಲ್ಲೆಯ ಇನ್ನೊಂದು ಬದಿಯಲ್ಲಿ, ಚಾಮರಾಜನಗರದಿಂದ ಪುಣಜನೂರು ಮಾರ್ಗವಾಗಿ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ನಿಲ್ಲಿಸುವುದನ್ನು ಆನೆಗಳು ಕಲಿತಿವೆ. ತಮಿಳುನಾಡಿನ ಭಾಗದ ಆ ಕಾಡುದಾರಿಯಲ್ಲೂ ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು.

ನಡುವಿನ ನೆಲ

ಕಾಡಿಗೂ ಊರಿಗೂ ಮಧ್ಯೆ ಹಿಂದೆ ಒಂದು ಮೂರನೆಯ ನೆಲವಿತ್ತು. ಗೋಮಾಳ, ಕುರುಚಲು, ಬೀಳು ಹೊಲ, ಕಲ್ಲುಗುಡ್ಡ, ಒಣ ಹಳ್ಳ. ಕಂದಾಯ ದಾಖಲೆಯಲ್ಲಿ ಕರಾಬು ಎಂದು ಬರೆಯಿಸಿಕೊಂಡಿದ್ದ ಈ ನೆಲ ಯಾರಿಗೂ ದುಡ್ಡು ತರುತ್ತಿರಲಿಲ್ಲ. ಆದರೆ ದನ ಮೇಯುತ್ತಿದ್ದುದು, ಆನೆ ರಾತ್ರಿ ದಾಟುತ್ತಿದ್ದುದು, ನೀರು ಇಂಗುತ್ತಿದ್ದುದು ಅಲ್ಲಿಯೇ. ತರಕಾರಿ, ಕಲ್ಲು, ರೆಸಾರ್ಟು, ಬಡಾವಣೆ ನಾಲ್ಕೂ ಮೊದಲು ನುಂಗಿದ್ದು ಈ ನಡುವಿನ ನೆಲವನ್ನು. ಈಗ ಹುಲಿಯ ಕಾಡು ಮುಗಿದಲ್ಲಿ ಮನುಷ್ಯನ ತೋಟ ಶುರು. ಕಾಡಿನೊಳಗೂ ಮೊದಲಿನ ಮೇವಿಲ್ಲ. ಲಂಟಾನ ಹಬ್ಬಿ ಹುಲ್ಲನ್ನು ಅಡಗಿಸಿದೆ. ಮೊದಲು ತಾವು ತರಗಿಗೆ ಬೆಂಕಿಯಿಟ್ಟು ಈ ಕಳೆಯನ್ನು ಅಂಕೆಯಲ್ಲಿಟ್ಟಿದ್ದೆವು, ಅದನ್ನು ನಿಷೇಧಿಸಿದ ಮೇಲೆಯೇ ಅದು ಹಬ್ಬಿತು ಎಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ.

ಪರಿಣಾಮವನ್ನು ಉಣ್ಣುತ್ತಿರುವವರು ಕಾಡಂಚಿನ ಸಣ್ಣ ರೈತರು ಮತ್ತು ದನಗಾಹಿಗಳು. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಚೌಡಹಳ್ಳಿ, ಹುಂಡೀಪುರ ಭಾಗದಲ್ಲಿ ಇಬ್ಬರು ರೈತರು ಹುಲಿಗೆ ಬಲಿಯಾದರು. ಅಕ್ಟೋಬರ್‌ನಲ್ಲಿ ಆ ಹುಲಿಯನ್ನು ಸೆರೆಹಿಡಿಯಲಾಯಿತು. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ತಡಮಾಡಿದರೆಂದು ರೊಚ್ಚಿಗೆದ್ದ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಹುಲಿಯ ಬೋನಿನೊಳಗೆ ಕೂಡಿದರು. ನೆರೆಯ ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗಳಲ್ಲಿ ಜನ ಸತ್ತ ಮೇಲೆ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸುವಂತೆ ಸರ್ಕಾರ ಆದೇಶಿಸಿತು. ಸಫಾರಿ ನಿಂತಾಗ ರೆಸಾರ್ಟಿನ ಮಾಲೀಕರಿಗಿಂತ ಮೊದಲು ಕೆಲಸ ಕಳೆದುಕೊಳ್ಳುವವರು ಅಲ್ಲಿ ಕೋಣೆ ಗುಡಿಸುವ, ಅಡುಗೆ ಮಾಡುವ ಅದೇ ಹಳ್ಳಿಯವರು.

ನೀರಿನ ಮಟ್ಟಿಗೆ ಒಂದಿಷ್ಟು ಪರಿಹಾರ ಸಿಕ್ಕಿದೆ. ಕಬಿನಿಯಿಂದ ನೀರೆತ್ತುವ ಆಲಂಬೂರು ಏತ ನೀರಾವರಿ ಯೋಜನೆ ಎರಡೂ ತಾಲ್ಲೂಕುಗಳ ಹಲವು ಕೆರೆಗಳಿಗೆ ನೀರು ತಂದಿತು. ಹುತ್ತೂರು ಕೆರೆಯಂಥ ಕಡೆ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬಂತು. ಆದರೆ ಈ ನೀರು ಕೂಡ ಕಬಿನಿಯದೇ, ಗುಂಡ್ಲುಪೇಟೆಯ ನಲ್ಲಿಗಳಿಗೆ ಬರುವುದೂ ಕಬಿನಿಯ ನೀರೇ. ಕಬಿನಿಯ ಜಲಾಶಯ ತುಂಬುವುದು ವೈನಾಡಿನ ಮಳೆಯಿಂದ. ಮೂರೂ ಬೇಡಿಕೆಗಳು ಒಂದೇ ಬೇಸಿಗೆಯಲ್ಲಿ ಎದುರಾದರೆ ಯಾರ ಪಾಲು ಮೊದಲು ಕಡಿತವಾಗುತ್ತದೆ ಎಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ. ಬಂಡೀಪುರದ ಸೂಕ್ಷ್ಮ ವಲಯಕ್ಕೆ ವಲಯ ಮಹಾಯೋಜನೆಯೊಂದನ್ನು ರೂಪಿಸುವ ಹೊಣೆ ರಾಜ್ಯ ಸರ್ಕಾರದ್ದು. ಯಾವ ಸರ್ವೆ ನಂಬರಿನಲ್ಲಿ ಆನೆ ದಾಟುತ್ತದೆ, ಯಾವುದರಲ್ಲಿ ಹಳ್ಳ ಹರಿಯುತ್ತದೆ ಎಂಬುದು ಅಂಥ ನಕ್ಷೆಯ ಮೇಲೆ ಬರದಿದ್ದರೆ, ಪ್ರತಿಯೊಂದು ಪರಿವರ್ತನೆಯ ಅರ್ಜಿಯೂ ತನ್ನಷ್ಟಕ್ಕೆ ನಿರುಪದ್ರವಿಯಾಗಿಯೇ ಕಾಣುತ್ತದೆ.

ಇಂಥ ನೆಲವನ್ನು ಮರಳಿ ಪಡೆದ ಉದಾಹರಣೆ ಜಿಲ್ಲೆಯಲ್ಲೇ ಒಂದಿದೆ. ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಕೊಳ್ಳೇಗಾಲದ ಕಾಡನ್ನೂ ಜೋಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಪಥದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಸುಮಾರು 25 ಎಕರೆ ಖಾಸಗಿ ಜಮೀನನ್ನು ಮಾಲೀಕರಿಂದ ಖರೀದಿಸಿ ಅರಣ್ಯ ಇಲಾಖೆಗೆ ಹಸ್ತಾಂತರಿಸಿತು. ಯಾರನ್ನೂ ಒಕ್ಕಲೆಬ್ಬಿಸದೆ, ಯಾವ ವ್ಯಾಜ್ಯವೂ ಇಲ್ಲದೆ, ಬೆಲೆ ಕೊಟ್ಟು ಕೊಂಡ ನೆಲವದು. ಬಂಡೀಪುರದ ಆಗ್ನೇಯ ಅಂಚಿನಲ್ಲಿ, ಮೋಯಾರ್ ಕಂದರಕ್ಕೂ ಕಣಿಯನಪುರದ ಹೊಲಗಳಿಗೂ ನಡುವೆ, ಇಂಥದೇ ಇನ್ನೊಂದು ಕಿರಿದಾದ ಪಟ್ಟಿ ಇದೆ. ಒಂದು ಬದಿಗೆ ಇಳಿಯಲಾಗದ ಪ್ರಪಾತ, ಇನ್ನೊಂದು ಬದಿಗೆ ಪಟ್ಟಾ ಜಮೀನು. ಸತ್ಯಮಂಗಲದ ಕಡೆ ಸಾಗುವ ಆನೆ ಹಿಂಡುಗಳು ಬೇಸಿಗೆಯಲ್ಲಿ ಆ ಪಟ್ಟಿಯಲ್ಲೇ ದಾಟುತ್ತವೆ.